ಇಂಗ್ಲಿಷ್ ಮೇಷ್ಟ್ರು ಹಾಕಿದ ಸೊನ್ನೆ

ಅವರ ಒಳ್ಳೆಯ ಗುಣಗಳನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಆಮೇಲೆ ನನ್ನ ಕೈ ಹಿಡಿದು ನಿಲ್ಲಿಸುವುದು ಏನೂ ಇರಬಾರದು.

ಇಪ್ಪತ್ತೇಳು ವರ್ಷ ನಮ್ಮೂರಿನ ಅನುದಾನಿತ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟರು. ಮಧುಗಿರಿಯಿಂದ ಬೆಳಗಿನ ಎರಡನೇ ಬಸ್ಸಿಗೆ ಹೊರಟು, ಸಿರಾ ರಸ್ತೆಯ ಕ್ರಾಸಿನಲ್ಲಿ ಇಳಿದು, ಅಲ್ಲಿ ಟೀ ಅಂಗಡಿಯ ಹಿಂದೆ ಬೀಗ ಹಾಕಿ ನಿಲ್ಲಿಸಿರುತ್ತಿದ್ದ ಸೈಕಲ್ ಹತ್ತಿ ಬರುತ್ತಿದ್ದರು. ಪ್ರಾರ್ಥನೆಗೆ ತಡವಾಗಿ ಬಂದದ್ದನ್ನು ಮೂರು ವರ್ಷದಲ್ಲಿ ಒಮ್ಮೆಯೂ ನಾನು ನೋಡಲಿಲ್ಲ. ಯಾರಿಗೂ ಹೊಡೆಯುತ್ತಿರಲಿಲ್ಲ. ಮನೆಪಾಠಕ್ಕೆ ಬನ್ನಿ ಎಂದು ಯಾರನ್ನೂ ಕರೆಯಲಿಲ್ಲ. ಪಬ್ಲಿಕ್ ಪರೀಕ್ಷೆಯ ದಿನ ಕೇಂದ್ರದ ಗೇಟಿನ ಹತ್ತಿರ ನಮಗಿಂತ ಮುಂಚೆ ಬಂದು ನಿಂತಿರುತ್ತಿದ್ದರು. ಅಂಗಿಯ ಜೇಬಿನಲ್ಲಿ ಆರೇಳು ಪೆನ್ನು, ಕೈಯಲ್ಲಿ ನೀರಿನ ಕ್ಯಾನು. ಹಾಲ್ ಟಿಕೆಟ್ ಮರೆತು ಬಂದಿದ್ದ ಹುಡುಗಿಯೊಬ್ಬಳ ಮನೆಗೆ ಯಾರದೋ ಬೈಕ್ ಈಸಿಕೊಂಡು ಹೋಗಿ, ಬೆಲ್ ಹೊಡೆಯುವುದರೊಳಗೆ ಅದನ್ನು ತಂದುಕೊಟ್ಟವರು ಅವರು. ಬಿಸಿಲಿಗೆ ಮುಖವೆಲ್ಲ ಕೆಂಪಾಗಿತ್ತು. ಅವಳ ತಲೆ ಸವರಿ, “ಅಳಬ್ಯಾಡ ಹೋಗಮ್ಮ, ಚೆನ್ನಾಗಿ ಬರಿ” ಅಂದರು.

ಇದೆಲ್ಲ ನಿಜ. ನಾನು ಕಣ್ಣಾರೆ ಕಂಡದ್ದು. ಹೋದ ತಿಂಗಳು ಅವರ ನಿವೃತ್ತಿ ಸಮಾರಂಭದಲ್ಲಿ ಹಂಚಿದ ಪುಸ್ತಕದಲ್ಲಿ ನಲವತ್ತು ಜನ ಹಳೆಯ ವಿದ್ಯಾರ್ಥಿಗಳು ಇದನ್ನೇ ಬರೆದಿದ್ದಾರೆ. ನನ್ನನ್ನೂ ಕೇಳಿದ್ದರು. ನಾನು ಬರೆಯಲಿಲ್ಲ. ಬರೆದರೆ ನನ್ನ ಕ್ಲಾಸಿನ ಜುಂಜಮ್ಮನ ವಿಷಯ ಬರೆಯಬೇಕಾಗುತ್ತಿತ್ತು. ಗುಲಾಬಿ ಬಣ್ಣದ ಆ ಪುಸ್ತಕದಲ್ಲಿ ಅವಳಿಗೆ ಜಾಗ ಇರಲಿಲ್ಲ.

ಇಲ್ಲೂ ಅವರ ಹೆಸರು ಹಾಕುವುದಿಲ್ಲ. ಗೌರವಕ್ಕಲ್ಲ. ಹೆಸರು ಹಾಕಿದರೆ ಓದುವವರು, ಯಾರೋ ಒಬ್ಬ ಮುದಿ ಮೇಷ್ಟ್ರ ಮೇಲೆ ಈಕೆಗೇನೋ ಹಗೆ ಎಂದುಕೊಂಡು ಪುಟ ಮಗುಚಿಬಿಡುತ್ತಾರೆ. ಹೆಸರಿಲ್ಲದಿದ್ದರೆ ತಮ್ಮ ಮೇಷ್ಟ್ರನ್ನು ಒಂದು ಸಲ ನೆನೆಸಿಕೊಂಡಾರು.

ಅವರ ಕೈಯಲ್ಲಿ ಯಾವಾಗಲೂ ಕಂದು ರಟ್ಟು ಹಾಕಿದ ದಪ್ಪ ಪುಸ್ತಕ ಇರುತ್ತಿತ್ತು. ರಟ್ಟು ಒಂದೇ, ಒಳಗಿದ್ದದ್ದು ಎರಡು. ಮೇಲೆ ಪಠ್ಯಪುಸ್ತಕ, ಅದರ ಕೆಳಗೆ ಗೈಡು. ಹೊಸ ಪದ್ಯ ಶುರುಮಾಡಿದ ದಿನ ಪಠ್ಯವನ್ನು ಗಟ್ಟಿಯಾಗಿ ಒಂದೇ ಒಂದು ಸಲ ಓದುತ್ತಿದ್ದರು. ಎಲ್ಲೂ ನಿಲ್ಲಿಸುತ್ತಿರಲಿಲ್ಲ, ತಲೆ ಎತ್ತುತ್ತಿರಲಿಲ್ಲ, ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಅನ್ನುವಂಥ ಓದು. ಪುಟ ಮಗುಚಿ ಗೈಡಿಗೆ ಬಂದರೆ ಅವರ ದನಿಯೇ ಬೇರೆ. ನಿಧಾನವಾಗುತ್ತಿತ್ತು, ಮೆತ್ತಗಾಗುತ್ತಿತ್ತು.

“ಈಗ ಸಮರಿ ಬರ್ಕೊಳ್ಳಿ. ಇದ್ದಿದ್ದು ಇದ್ದಂಗೆ. ಒಂದು ಫುಲ್‌ಸ್ಟಾಪೂ ಆಚೀಚೆ ಆಗಂಗಿಲ್ಲ.”

ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರ. ಪದ್ಯದ ಸಾರಾಂಶಕ್ಕೆ ಪರೀಕ್ಷೆಯಲ್ಲಿ ನಾಲ್ಕು ಅಂಕ. ಆ ನಾಲ್ಕು ಅಂಕ ಜೇಬಿನಲ್ಲಿದ್ದಂತೆ ಎನ್ನುತ್ತಿದ್ದರು. ಪ್ರಶ್ನೆಪತ್ರಿಕೆಯಲ್ಲೇನೋ ‘ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ’ ಎಂದೇ ಇರುತ್ತಿತ್ತು. ಒಮ್ಮೆ ಯಾರೋ ಕೇಳಿದರು: “ಸಾ, ಸ್ವಂತ ಮಾತು ಅಂದ್ರೆ ಯಾವ್ದು ಸಾ?”

“ಸ್ವಂತ ಮಾತು ನಿಮ್ ಮನೇಲಿ ಆಡ್ಕೊಳ್ರಪ್ಪ. ಇಲ್ಲಿ ಬೋರ್ಡ್ ಮೇಲಿರೋದ್ನ ಬರೀರಿ.”

ಕ್ಲಾಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನನಗೆ ಬಾಯಿಪಾಠ ಚೆನ್ನಾಗಿ ಬರುತ್ತಿತ್ತು. ನಾನು ಅವರ ಅಚ್ಚುಮೆಚ್ಚಿನ ಶಿಷ್ಯೆ.

ಜುಂಜಮ್ಮ ಊರಾಚೆಯ ಹಟ್ಟಿಯವಳು. ಅವಳಪ್ಪ ಪಕ್ಕದೂರಿನ ಯಜಮಾನರೊಬ್ಬರ ಕುರಿ ಕಾಯುತ್ತಿದ್ದ. ಬೇಸಿಗೆಯಲ್ಲಿ ಮೇವು ಹುಡುಕಿಕೊಂಡು ಮಂದೆ ಪಾವಗಡದ ಕಡೆಗೋ ಇನ್ನೆಲ್ಲಿಗೋ ಹೋದಾಗ ಅಪ್ಪ ಅಮ್ಮ ಇಬ್ಬರೂ ಹೊರಡುತ್ತಿದ್ದರು, ಇವಳು ಅಜ್ಜಿಯ ಜೊತೆ ಉಳಿದು ಸ್ಕೂಲಿಗೆ ಬರುತ್ತಿದ್ದಳು. ಮಾತು ಕಡಿಮೆ. ಆದರೆ ಇಂಗ್ಲಿಷ್ ಪದಗಳ ಹುಚ್ಚು ಹೇಗೆ ಹತ್ತಿತ್ತೋ, ಆಫೀಸಿನ ಬೀರುವಿನಲ್ಲಿದ್ದ ಒಂದೇ ಒಂದು ಡಿಕ್ಷನರಿಯನ್ನು ಕೇಳಿ ಕೇಳಿ ಗುಮಾಸ್ತರಿಗೆ ರೋಸಿಹೋಗಿತ್ತು. ಹೊಸ ಪದ ಸಿಕ್ಕಿದರೆ ಪೆನ್ನಿನಲ್ಲಿ ಮುಂಗೈ ಮೇಲೆ ಬರೆದುಕೊಳ್ಳುತ್ತಿದ್ದಳು. ಊಟದ ಹೊತ್ತಿನಲ್ಲಿ ಕೈ ಚಾಚಿ, “ಇದ್ರ ಅರ್ಥ ಏನೇ?” ಎಂದು ಕೇಳುತ್ತಿದ್ದಳು.

“ಗೈಡಲ್ಲಿಲ್ಲ ಬುಡೇ. ಪರೀಕ್ಷೆಗೆ ಬರಲ್ಲ.”

ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಕುರಿಮರಿಯ ಪದ್ಯ ಒಂದಿತ್ತು. ಹಿಮ ಬೀಳುವ ದೇಶ. ಸಂಜೆ ಮಂದೆ ಎಣಿಸಿದರೆ ಒಂದು ಮರಿ ಇಲ್ಲ. ಕುರುಬ ಅದನ್ನು ಹುಡುಕಿಕೊಂಡು ಬೆಟ್ಟ ಹತ್ತುತ್ತಾನೆ, ಕೊನೆಗೆ ಒಂದು ಬಂಡೆಯ ಸಂದಿಯಲ್ಲಿ ಅದು ಸಿಗುತ್ತದೆ. ಗೈಡಿನ ಸಾರಾಂಶ ಐದು ವಾಕ್ಯ. ಕವಿ ಹಿಮದ ಸೌಂದರ್ಯವನ್ನೂ ಕುರುಬನ ದಯೆಯನ್ನೂ ಮನೋಜ್ಞವಾಗಿ ಚಿತ್ರಿಸಿದ್ದಾನೆ ಎಂದು ಮೊದಲ ವಾಕ್ಯ; ಪ್ರಾಣಿಗಳ ಮೇಲೆ ನಾವೆಲ್ಲರೂ ದಯೆ ತೋರಬೇಕು ಎಂದು ಕೊನೆಯದು. ಅದನ್ನು ನಾನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿಕೊಂಡೆ.

ಮಾರನೆಯ ದಿನ ನೀರಿನ ತೊಟ್ಟಿಯ ಹತ್ತಿರ ಜುಂಜಮ್ಮ ನನ್ನ ಹಿಡಿದು ನಿಲ್ಲಿಸಿದಳು.

“ಲೇ, ಗೈಡ್‌ನಾಗೆ ತಪ್ಪೈತೆ ಕಣೆ.”

“ಗೈಡಲ್ಲಿ ತಪ್ಪಿರ್ತದಾ?”

“ಅವ್ನಿಗೆ ದಯೆ ಗಿಯೆ ಏನಿಲ್ಲ. ಎದ್ರಿಕೊಂಡವ್ನೆ. ಆ ಮರಿ ಅವ್ನದಲ್ಲ ಕಣೆ, ಯಜಮಾನಂದು. ನೋಡು, ಇಲ್ಲೈತೆ.” ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದಳು. “ನಾಟ್ ಮೈನ್ ಟು ಲೂಸ್. ಕಳ್ಕೊಳ್ಳಾಕೆ ನಂದಲ್ಲ ಅಂತ. ನಮ್ಮಪ್ಪನೂ ಇಂಗೇ ಒಂದ್ಸಲ ಬೆಳಗಿಂದ ಸಂಜೆಗಂಟ ಉಣ್ಣದೆ ಹುಡುಕ್ದ. ಸಿಕ್ಕಿದ್ಮೇಲೆ ಮುದ್ದಾಡ್ಲಿಲ್ಲ, ಎರಡು ಬಾರಿಸ್ದ. ಆಮೇಲೆ ಕುಂತ್ಕಂಡು ಅತ್ತ.”

“ಆಯ್ತು ಬುಡು, ಬಾಯಿಪಾಠ ಮಾಡ್ಕೊ” ಎಂದು ನಾನು ಓಡಿಹೋದೆ. ಪದ್ಯವನ್ನು ನೋಡಲೂ ಇಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ ಪದ್ಯದ ಸಾರಾಂಶವನ್ನೇ ಕೇಳಿದ್ದರು. ವಾರದ ಮೇಲೆ ಮೇಷ್ಟ್ರು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಬಂದರು. ಸಾರಾಂಶ ತಿದ್ದುವಾಗ ಅವರದೊಂದು ಕ್ರಮವಿತ್ತು. ಗೈಡನ್ನು ಪಕ್ಕದಲ್ಲಿಟ್ಟುಕೊಂಡು ಕೆಂಪು ಪೆನ್ನಿನ ಮೊನೆಯನ್ನು ಒಂದೊಂದು ವಾಕ್ಯದ ಮೇಲೂ ತಾಗಿಸುತ್ತಾ ಬರುತ್ತಿದ್ದರು. ಗೈಡಿನಲ್ಲಿಲ್ಲದ ವಾಕ್ಯ ಬಂದರೆ ಮೊನೆ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಆಮೇಲೆ ಅಡ್ಡ ಗೀಟು. ಜುಂಜಮ್ಮನ ಸಾರಾಂಶದ ಮೇಲೆ ಮೂಲೆಯಿಂದ ಮೂಲೆಗೆ ಒಂದೇ ಗೀಟು, ಕೆಳಗೆ ಸೊನ್ನೆ.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಅವಳನ್ನು ಮುಂದಕ್ಕೆ ಕರೆದು ನಿಲ್ಲಿಸಿ, ಅವಳ ಉತ್ತರವನ್ನು ಗಟ್ಟಿಯಾಗಿ ಓದಿದರು.

“ಮ್ಯಾನ್ ಈಸ್ ಫಿಯರ್. ಶೀಪ್ ಈಸ್ ಓನರ್ ಶೀಪ್.” ತಲೆ ಎತ್ತಿ ಎಲ್ಲರನ್ನೂ ನೋಡಿದರು. “ಮನುಷ್ಯ ಅಂದ್ರೆ ಭಯ ಅಂತೆ ಕಣ್ರಪ್ಪಾ!”

ಕ್ಲಾಸು ಹೋ ಎಂದಿತು.

“ದಯೆ ಎಲ್ಲಮ್ಮ? ಕೈಂಡ್‌ನೆಸ್ ಅನ್ನೋ ಪದಾನೇ ಇಲ್ವಲ್ಲ?”

ಜುಂಜಮ್ಮ ಆ ಹೊತ್ತಿಗೂ ಹೆದರಿರಲಿಲ್ಲ. ಅದನ್ನು ನಾನು ಚೆನ್ನಾಗಿ ನೋಡಿದ್ದೇನೆ. ಮೇಷ್ಟ್ರು ಕೇಳುತ್ತಿದ್ದಾರೆ, ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ ಎಂದೇ ಅವಳು ತಿಳಿದಿದ್ದಳು.

“ಅವ್ನಿಗೆ ದಯೆ ಇಲ್ಲ ಸಾ. ಅವ್ನ ಕುರಿ ಅಲ್ಲ ಅದು. ಯಜಮಾನ್ರು ಕೇಳ್ತಾರೆ ಅಂತ ಎದ್ರಿಕೊಂಡು ಹುಡುಕ್ತಾನೆ. ಪದ್ಯದಾಗೈತೆ ಸಾ.”

ಅವರು ರಟ್ಟಿನ ಪುಸ್ತಕ ತೆರೆದರು. ಪದ್ಯದ ಪುಟವನ್ನಲ್ಲ, ಗೈಡಿನ ಪುಟವನ್ನು. ಬೆರಳಾಡಿಸಿ ನೋಡಿದರು. “ಇಲ್ಲೆಲ್ಲೂ ಇಲ್ವಲ್ಲಮ್ಮ.”

“ಪದ್ಯದಾಗೆ ಸಾ…”

“ಇಂಗ್ಲಿಷ್ ಪದ್ಯ ನಿಂಗೆ ಅರ್ಥ ಆಗೋಯ್ತೇನಮ್ಮ? ಕುರಿ ಕಾಯೋರ ಮಾತೆಲ್ಲ ಪರೀಕ್ಷೇಲಿ ಬರೀತಾರಾ?”

ಸಿಟ್ಟಿನಲ್ಲಿ ಹೇಳಿದ್ದರೆ ಇಷ್ಟು ವರ್ಷ ನನ್ನ ಹೊಟ್ಟೆ ಉರಿಯುತ್ತಿರಲಿಲ್ಲ. ನಗುನಗುತ್ತಾ ಹೇಳಿದರು. ಮಗುವಿಗೆ ಬುದ್ಧಿ ಹೇಳುವ ಪ್ರೀತಿಯಲ್ಲಿ ಹೇಳಿದರು. ಹೇಳಿ, ನನ್ನ ಕಡೆ ತಿರುಗಿ, “ನೀನು ಎದ್ದು ಹೇಳಮ್ಮ, ಸಮರಿ ಅಂದ್ರೆ ಹೆಂಗಿರ್ಬೇಕು ಅಂತ ಗೊತ್ತಾಗ್ಲಿ” ಅಂದರು. ನಾನು ಎದ್ದು ಐದು ವಾಕ್ಯವನ್ನೂ ಒಪ್ಪಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಜುಂಜಮ್ಮ ಬೋರ್ಡಿನ ಪಕ್ಕದಲ್ಲಿ ಇನ್ನೂ ನಿಂತೇ ಇದ್ದಳು.

ಗೈಡಿನ ಸಾರಾಂಶವನ್ನು ಐವತ್ತು ಸಲ ಬರೆದು ತರಬೇಕೆಂದು ಅವಳಿಗೆ ಶಿಕ್ಷೆ. ಬರೆದು ತಂದಳು. ಮೇಷ್ಟ್ರು ಎಣಿಸದೆಯೇ ಕೊನೆಯ ಪುಟಕ್ಕೆ ಒಂದು ಟಿಕ್ ಹಾಕಿ, “ಈಗ ಬಂತು ನೋಡು ದಾರೀಗೆ” ಅಂದರು. ಅಂದಿನಿಂದ ಅವಳ ಮುಂಗೈ ಮೇಲೆ ಇಂಗ್ಲಿಷ್ ಪದ ಕಾಣಲಿಲ್ಲ. ಹಟ್ಟಿಯಿಂದ ಬರುವ ದಾರಿಯಲ್ಲಿ ತುಟಿ ಅಲ್ಲಾಡಿಸುತ್ತಾ ಸಾರಾಂಶ ಒಪ್ಪಿಸಿಕೊಂಡು ಬರುತ್ತಿದ್ದಳು.

ಪಬ್ಲಿಕ್ ಪರೀಕ್ಷೆಯಲ್ಲೂ ಕುರಿಮರಿಯ ಪದ್ಯವೇ ಬಂತು. ಗೇಟಿನ ಹತ್ತಿರ ಮೇಷ್ಟ್ರು ಕುಣಿದಾಡುವುದೊಂದು ಬಾಕಿ. “ನಾನು ಹೇಳಿರ್ಲಿಲ್ವಾ? ಹೇಳಿರ್ಲಿಲ್ವಾ?” ಎಂದು ಹೊರಗೆ ಬಂದವರನ್ನೆಲ್ಲ ತಬ್ಬಿಕೊಳ್ಳುವಂತೆ ಮಾತಾಡಿಸುತ್ತಿದ್ದರು. ಜುಂಜಮ್ಮ ಕೊನೆಯಲ್ಲಿ ಬಂದಳು. ನಾನು ಪಕ್ಕಕ್ಕೆ ಕರೆದು ಕೇಳಿದೆ.

“ಮೂರನೇ ಸಾಲು ಮರ್ತೋಯ್ತು ಕಣೆ. ಅದು ನೆನಪಾಗ್ದೆ ಮುಂದಿಂದೂ ಬರ್ಲಿಲ್ಲ. ಅದ್ನೇ ನೆನೆಸ್ಕೊಂಡು ಕುಂತಿದ್ದೆ, ಲೆಟರ್ ಬರಿಯಾಕೂ ಟೈಮ್ ಆಗ್ಲಿಲ್ಲ.”

“ನಿಂಗೆ ಪದ್ಯ ಗೊತ್ತಲ್ಲೇ. ನಿನ್ ಮಾತಲ್ಲೇ ಬರೀಬೇಕಿತ್ತು.”

“ಅದಕ್ಕೆ ಸೊನ್ನೆ ಅಂತ ಗೊತ್ತಲ್ಲ” ಅಂದಳು.

ಇಂಗ್ಲಿಷಿನಲ್ಲಿ ಮೂರು ಅಂಕಕ್ಕೆ ಫೇಲಾದಳು. ಉಳಿದದ್ದರಲ್ಲೆಲ್ಲ ಪಾಸು. ಆ ಸೊನ್ನೆಯನ್ನು ಅವಳ ತಲೆಯೊಳಗೆ ಕೂರಿಸಿದವರು ಯಾರು ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಶಾಲೆಯ ಫಲಿತಾಂಶ ಚೆನ್ನಾಗಿ ಬಂದಿತ್ತು, ಮೇಷ್ಟ್ರಿಗೆ ಶಾಲು ಹೊದಿಸಿದರು. ಮರುಪರೀಕ್ಷೆ ಬರೆಸಬೇಕೆಂದು ಅವರು ಸೈಕಲ್ ತುಳಿದುಕೊಂಡು ಹಟ್ಟಿಗೆ ಹೋದದ್ದೂ ನಿಜ; ಅದನ್ನೂ ಹೇಳಿಬಿಡುತ್ತೇನೆ. ಅವಳಪ್ಪನ ಕೈಗೆ ಒಂದು ಗೈಡು ಕೊಟ್ಟು ಬಂದರಂತೆ. ಅವನು ಅದನ್ನು ಮಾಡಿಗೆ ಸಿಕ್ಕಿಸಿ, ಮಗಳನ್ನೂ ಕರೆದುಕೊಂಡು ಮಂದೆಯ ಹಿಂದೆ ಹೊರಟ. ಮರುವರ್ಷ ಅವಳ ಮದುವೆಯಾಯಿತು.

ನಾನು ಇಂಗ್ಲಿಷ್ ಟೀಚರಾದೆ. ಬಾಯಿಪಾಠ ನನ್ನನ್ನು ಅಲ್ಲಿಯವರೆಗೂ ಕರೆದುಕೊಂಡು ಹೋಯಿತು. ಸಿರಾ ತಾಲ್ಲೂಕಿನ ಶಾಲೆಗೆ ಸೇರಿದ ಮೊದಲ ವರ್ಷ ಅಲ್ಲಿನ ಬೀರುವಿನಲ್ಲಿ ನಮ್ಮ ಕಾಲದ ಆ ಪಠ್ಯಪುಸ್ತಕ ಸಿಕ್ಕಿತು. ಸುಮ್ಮನೆ ತೆರೆದೆ. ಕುರಿಮರಿಯ ಪದ್ಯವನ್ನು ಜೀವಮಾನದಲ್ಲಿ ಮೊದಲ ಸಲ ಓದಿದೆ. ಅದರಲ್ಲಿ ದಯೆ ಎನ್ನುವ ಪದ ಎಲ್ಲೂ ಇರಲಿಲ್ಲ. ಮರಿ ಸಿಕ್ಕಿದ ಮೇಲೆ ಕುರುಬ ಅದರ ಕಾಲು ಕಟ್ಟಿ ಹೆಗಲಿಗೆ ಎಸೆದುಕೊಂಡು, ನಾಳೆ ಬೆಳಿಗ್ಗೆ ಯಜಮಾನನ ಎಣಿಕೆ ಸರಿಹೋಗುತ್ತದೆ ಎಂದು ಅಳುತ್ತಾನೆ. ಅಷ್ಟೇ ಪದ್ಯ. ಸ್ಟಾಫ್ ರೂಮಿನಲ್ಲಿ ಕೂತವಳಿಗೆ ಕಿವಿಯೆಲ್ಲ ಬಿಸಿಯಾಯಿತು. ನಲವತ್ತೈದು ಮಕ್ಕಳ ಕ್ಲಾಸಿನಲ್ಲಿ ಅದನ್ನು ಓದಿದ್ದವಳು ಒಬ್ಬಳೇ. ಅವಳನ್ನೇ ನಾವೆಲ್ಲ ಸೇರಿ ನಕ್ಕು ಕಳಿಸಿದ್ದೆವು. ಹಾಗೆ ನಗುವುದನ್ನು ನಮಗೆ ಕಲಿಸಿದ್ದು ಅವರು.

ಒಂದು ವರ್ಷ ಮೌಲ್ಯಮಾಪನ ಕೇಂದ್ರದಲ್ಲಿ ಅವರದೇ ಮೇಜಿಗೆ ನನ್ನನ್ನು ಹಾಕಿದರು. ಅವರು ಮೇಜಿನ ಮುಖ್ಯಸ್ಥರು, ನಾವು ತಿದ್ದಿದ್ದನ್ನು ಪರಿಶೀಲಿಸುವವರು. ನನ್ನನ್ನು ಕಂಡು ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. “ನನ್ನ ಶಿಷ್ಯೆ ಕಣ್ರೀ, ನನ್ನ ಶಿಷ್ಯೆ” ಎಂದು ಸುತ್ತಲಿನವರಿಗೆಲ್ಲ ಹೇಳಿದರು. ಮನೆಯಿಂದ ತಂದಿದ್ದ ಚಿತ್ರಾನ್ನದಲ್ಲಿ ಅರ್ಧ ನನಗೇ ಹಾಕಿಕೊಟ್ಟರು.

ಮೂರನೆಯ ದಿನ ನನಗೊಂದು ಉತ್ತರಪತ್ರಿಕೆ ಬಂತು. ಅಕ್ಷರ ಸೊಟ್ಟ, ವ್ಯಾಕರಣ ಇನ್ನೂ ಸೊಟ್ಟ. ಆದರೆ ಆ ಮಗು ಸಾರಾಂಶವನ್ನು ತಾನೇ ಬರೆದಿತ್ತು. ಪದ್ಯ ಓದಿ, ಅರ್ಥಮಾಡಿಕೊಂಡು, ತನಗೆ ಗೊತ್ತಿದ್ದ ನೂರಿನ್ನೂರು ಇಂಗ್ಲಿಷ್ ಪದಗಳಲ್ಲಿ ಹೇಳಿತ್ತು. ನಾಲ್ಕಕ್ಕೆ ಮೂರು ಕೊಟ್ಟೆ. ಮೇಷ್ಟ್ರ ಕೆಂಪು ಪೆನ್ನು ಅಲ್ಲಿಗೆ ಬಂದು ಗಾಳಿಯಲ್ಲಿ ನಿಂತಿತು.

“ಇದೇನಮ್ಮ ಇದು? ಕೀ ಆನ್ಸರ್‌ನಲ್ಲಿ ಇಲ್ವಲ್ಲ.”

“ಯಾವುದೇ ಸೂಕ್ತ ಉತ್ತರಕ್ಕೆ ಅಂಕ ಕೊಡಿ ಅಂತ ಅದರಲ್ಲೇ ಇದೆ ಸಾರ್. ಕೊನೇ ಸಾಲು ನೋಡಿ.”

“ಅದು ಸುಮ್ನೆ ಪ್ರಿಂಟ್ ಮಾಡಿರ್ತಾರೆ ಕಣಮ್ಮ. ಮೇಲಿನೋರು ಕೇಳಿದ್ರೆ ನಾನು ಏನ್ ಹೇಳ್ಲಿ?” ಎಂದು ಮೂರನ್ನು ಹೊಡೆದು ಒಂದು ಮಾಡಿ ಸಹಿ ಹಾಕಿದರು.

ನನಗೆ ತಡೆಯಲಾಗಲಿಲ್ಲ. “ಸಾರ್, ಜುಂಜಮ್ಮ ಅಂತ ಇದ್ಲು, ನನ್ನ ಕ್ಲಾಸಲ್ಲಿ. ನೆನಪಿದ್ಯಾ? ನೀವು ಮುಂದೆ ನಿಲ್ಲಿಸಿ ಅವಳ ಸಮರಿ ಓದಿದ್ರಿ.”

ಹಣೆ ಗಂಟಿಕ್ಕಿ ನಿಜವಾಗಿಯೂ ನೆನೆಸಿಕೊಳ್ಳಲು ನೋಡಿದರು. “ಯಾವ ಹುಡುಗಿ? ಎಷ್ಟು ಜನಾನಮ್ಮ, ಎಲ್ಲಾರ್ದೂ ಎಲ್ಲಿ ನೆನಪಿರ್ತದೆ.” ಮತ್ತೆ ಪೆನ್ನು ಮುಂದಿನ ಕಟ್ಟಿಗೆ ಹೋಯಿತು.

ನಾನೂ ಮುಂದಿನ ಕಟ್ಟು ಬಿಚ್ಚಿದೆ. ಎದ್ದು ಹೋಗಿ ದೂರು ಕೊಡಬಹುದಿತ್ತು. ಅವರ ಚಿತ್ರಾನ್ನ ಉಂಡಿದ್ದೆ.

ಜುಂಜಮ್ಮ ಮತ್ತೆ ಸಿಕ್ಕಿದ್ದು ಚುನಾವಣೆಯ ಡ್ಯೂಟಿಗೆ ಹೋದಾಗ. ಕೊರಟಗೆರೆ ತಾಲ್ಲೂಕು, ಹೊಳವನಹಳ್ಳಿ ಕಡೆಯ ಒಂದು ಊರು. ಬೆರಳಿಗೆ ಶಾಯಿ ಹಾಕಿಸಿಕೊಂಡವಳು ಅಲ್ಲೇ ನಿಂತು ನನ್ನ ಮುಖ ನೋಡಿದಳು. “ನೀನು ಮೇಡಮ್ಮಾ?” ಎಂದು ನಕ್ಕಳು. ಮತದಾನ ಮುಗಿದ ಮೇಲೆ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತಳು.

ಊರಿನ ಹಾಲಿನ ಡೇರಿಯಲ್ಲಿ ಹತ್ತು ವರ್ಷದಿಂದ ಕೆಲಸ. ಹಾಲಿನ ಫ್ಯಾಟ್ ನೋಡುವುದು, ರಿಜಿಸ್ಟರು ಬರೆಯುವುದು, ಮೇಲಿನಿಂದ ಬಂದ ಇಂಗ್ಲಿಷ್ ಕಾಗದ ಓದಿ ಎಲ್ಲರಿಗೂ ಅರ್ಥ ಹೇಳುವುದು, ಎಲ್ಲ ಅವಳೇ. ಸಹಿ ಮಾತ್ರ ಸೆಕ್ರೆಟರಿಯದು.

“ಸೆಕ್ರೆಟರಿ ಈ ವರ್ಸ ಬುಟ್ಟೋಯ್ತಾನೆ. ಆ ಕೆಲ್ಸ ನಂಗೇ ಕೊಡ್ಬೇಕು ಅಂತ ಊರೋರೆಲ್ಲ ಅಂತಾರೆ. ಎಸ್ಸೆಲ್ಸಿ ಪಾಸಾಗಿರ್ಬೇಕಂತೆ ಕಣೆ. ಪರೀಕ್ಸೆ ಕಟ್ತೀನಿ. ನಂಗೊಂದು ಗೈಡ್ ತಂದ್ಕೊಡು.”

“ಗೈಡ್ ಯಾಕೆ? ಭಾನುವಾರ ಬಾ, ನಾನೇ ಹೇಳ್ಕೊಡ್ತೀನಿ. ಪದ್ಯ ಓದಿ ನೀನೇ ಬರಿ.”

ಅವಳ ನಗು ನಿಂತಿತು. “ನನ್ ಮಾತು ಬ್ಯಾಡ. ಪಾಸಾಗ್ಬೇಕು ನಂಗೆ.”

ಎಷ್ಟು ಹೇಳಿದರೂ ಕೇಳಲಿಲ್ಲ. ಸಿರಾದಲ್ಲಿ ಗೈಡು ಕೊಂಡುಕೊಟ್ಟೆ. ಪುಸ್ತಕ ಬದಲಾಗಿತ್ತು, ಪದ್ಯಗಳೂ ಬೇರೆ. ಪ್ರತಿ ಭಾನುವಾರ ಎರಡು ಬಸ್ಸು ಹಿಡಿದು ನನ್ನ ಮನೆಗೆ ಬರುತ್ತಿದ್ದಳು. ಒಂದು ಪದ್ಯ ಓದಿಸಿ, ಏನು ಅರ್ಥವಾಯಿತು ಎಂದು ಕೇಳಿದರೆ, ನಾನು ಹತ್ತು ವರ್ಷ ಪಾಠ ಮಾಡಿಯೂ ಕಾಣದ್ದನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತಿದ್ದಳು. “ಅದನ್ನೇ ಬರಿಯೇ” ಎಂದರೆ ತಲೆ ಅಲ್ಲಾಡಿಸಿ, ಪುಸ್ತಕ ಮುಚ್ಚಿ, ಗೈಡಿನ ಸಾರಾಂಶವನ್ನು ಬರೆಯುತ್ತಿದ್ದಳು. ಒಂದೇ ಒಂದು ತಪ್ಪಿಲ್ಲದೆ. ಆ ಹಾಳೆಗಳನ್ನು ತಿದ್ದುತ್ತಾ ನಾನು ಹಲ್ಲು ಕಚ್ಚಿಕೊಂಡು ಪೂರ್ತಿ ಅಂಕ ಹಾಕುತ್ತಿದ್ದೆ. ಹದಿನೇಳು ವರ್ಷ ಕಳೆದರೂ ಅವರ ಕೆಂಪು ಗೀಟು ಅವಳ ಕೈಯನ್ನು ಹಿಡಿದೇ ಇತ್ತು. ಅವರಿಗೆ ಅವಳ ಮುಖವೂ ನೆನಪಿರಲಿಲ್ಲ.

ಪರೀಕ್ಷೆಯ ದಿನ ಫೋನ್ ಮಾಡಿದಳು. “ಸಮರಿ ಬರ್ದೆ ಕಣೆ. ಒಂದಕ್ಸರಾನೂ ಬುಡ್ಲಿಲ್ಲ.” ಪಾಸಾದಳು. ಸೆಕ್ರೆಟರಿಯಾದಳು. ಊರಿಗೆಲ್ಲ ಪೇಡ ಹಂಚಿದಳಂತೆ. ನನಗೂ ಒಂದು ಡಬ್ಬಿ ಕಳಿಸಿದಳು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಆದರೆ ಒಂದೇ ಪೇಡ ತಿಂದು ಡಬ್ಬಿ ಮುಚ್ಚಿಟ್ಟೆ.

ಅದಾದ ಎರಡ್ಮೂರು ತಿಂಗಳಿಗೆ ಮೇಷ್ಟ್ರ ನಿವೃತ್ತಿ. ಹೋಗಬಾರದೆಂದುಕೊಂಡೂ ಹೋದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಸಿರಾ ಮಧುಗಿರಿ ಎರಡೂ ಕಡೆಯ ಹಳೆಯ ವಿದ್ಯಾರ್ಥಿಗಳು, ಹಾರದ ಮೇಲೆ ಹಾರ. ಭಾಷಣಗಳೆಲ್ಲ ಮುಗಿದು ಜನ ಊಟಕ್ಕೆ ಏಳುವಾಗ ನಾನು ವೇದಿಕೆಯ ಹತ್ತಿರ ಹೋಗಿ ನಮಸ್ಕಾರ ಮಾಡಿದೆ.

“ಸಾರ್, ಜುಂಜಮ್ಮ ಎಸ್ಸೆಲ್ಸಿ ಪಾಸಾದಳು. ನಿಮ್ಮ ಹತ್ರ ಇಂಗ್ಲಿಷಲ್ಲಿ ಫೇಲಾಗಿದ್ಳಲ್ಲ, ಅವಳು.”

“ಹೌದಾ? ಒಳ್ಳೇದಾಯ್ತು ಕಣಮ್ಮ, ಒಳ್ಳೇದಾಯ್ತು!” ಅವರ ಕಣ್ಣು ನಿಜಕ್ಕೂ ತುಂಬಿಬಂತು. “ಹೆಂಗೆ ಓದಿದ್ಲು?”

“ಗೈಡ್ ಬಾಯಿಪಾಠ ಮಾಡಿದ್ಳು.”

“ನೋಡಿದ್ಯಾ? ನಾನು ಹೇಳ್ತಿದ್ದಿದ್ದು ಅದನ್ನೇ ತಾನೆ!”

ಅಲ್ಲಿಯವರೆಗೆ ತಡೆದುಕೊಂಡಿದ್ದೆ. “ಸಾರ್, ಆ ಕುರಿಮರಿ ಪದ್ಯ ನೆನಪಿದ್ಯಾ ನಿಮಗೆ?” ಎಂದು ಕೇಳಿದೆ.

ಕಣ್ಣು ಮುಚ್ಚಿದರು. ಗೈಡಿನ ಐದು ವಾಕ್ಯಗಳೂ ಬಂದವು, ನಿಧಾನವಾಗಿ, ಮೆತ್ತಗೆ, ಎಲ್ಲೂ ತಡವರಿಸದೆ. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಈ ವಯಸ್ಸಲ್ಲೂ ಎಂಥ ನೆನಪಿನ ಶಕ್ತಿ ಎಂದು ಯಾರೋ ಉದ್ಗರಿಸಿದರು. ಆ ಜನ ಊಟಕ್ಕೆ ಹೋಗುವವರೆಗೆ ಕಾದೆ.

“ಈಗ ಕನ್ನಡದಲ್ಲಿ ಹೇಳಿ ಸಾರ್. ಅವನು ಆ ಮರೀನ ಯಾಕೆ ಹುಡುಕ್ತಾನೆ?”

“ಅದೇ… ದಯೆ ಇರ್ತದಲ್ಲಮ್ಮ.”

“ಪದ್ಯದಲ್ಲಿ ಎಲ್ಲಿದೆ ಸಾರ್, ದಯೆ?”

ಅವರು ಅತ್ತಿತ್ತ ನೋಡಿದರು. ಹತ್ತಿರ ಯಾರೂ ಇರಲಿಲ್ಲ. ಕೊರಳಿನ ಹಾರಗಳನ್ನು ಒಂದೊಂದಾಗಿ ತೆಗೆದು ಕುರ್ಚಿಯ ಮೇಲಿಟ್ಟರು. ದನಿ ತಗ್ಗಿಸಿದರು.

“ನಾನು ಓದಿದ್ದು ಇತಿಹಾಸ ಕಣಮ್ಮ. ಇಂಗ್ಲಿಷ್ ತಗೊಳ್ಳೋಕೆ ಯಾರೂ ಇರ್ಲಿಲ್ಲ, ನೀನೇ ಮಾಡು ಅಂತ ನನ್ನ ತಲೆಗೆ ಕಟ್ಟಿದ್ರು. ಪುಸ್ತಕ ತೆಗೆದ್ರೆ ಹೆದ್ರಿಕೆ. ಯಾರಾದ್ರೂ ಎದ್ದು ಏನಾದ್ರೂ ಕೇಳ್ಬಿಟ್ರೆ? ಗೈಡ್ ಇಲ್ದೆ ಒಂದಿನಾನೂ ಕ್ಲಾಸಿಗೆ ಹೋಗಿಲ್ಲ ನಾನು. ಇಪ್ಪತ್ತೇಳು ವರ್ಷ ಇಂಗೇ ಕಳೀತು.”

ನನಗೆ ಮರುಕ ಬಂತು. ಬರಲಿಲ್ಲವೆಂದು ಹೇಳಲಾರೆ. ಆದರೆ ಸಿಟ್ಟು ಎದ್ದು ಅದಕ್ಕೆ ಜಾಗ ಬಿಟ್ಟುಕೊಡಲಿಲ್ಲ. ಹೆದರಿಕೆ ಎಂದರೇನೆಂದು ಈ ಮನುಷ್ಯನಿಗಿಂತ ಚೆನ್ನಾಗಿ ಬಲ್ಲವರು ಆ ಶಾಲೆಯಲ್ಲಿ ಯಾರಿದ್ದರು? ಹೆದರಿದವನ ಕಥೆಯನ್ನು ಒಂದು ಹುಡುಗಿ ಬರೆದು ಕೈಗಿಟ್ಟರೆ, ಕ್ಲಾಸಿಗೆಲ್ಲ ಓದಿ ನಗಿಸಿದ್ದರು.

ನಾನು ಪದ್ಯವನ್ನು ಕನ್ನಡದಲ್ಲಿ ಹೇಳಿದೆ. ಮರಿ ಅವನದಲ್ಲ, ಯಜಮಾನನದು. ಬೆಳಗಾದರೆ ಎಣಿಕೆ. ಒಂದು ಕಮ್ಮಿಯಾದರೆ ಅವನ ಗತಿ ಏನು. ಅದಕ್ಕೇ ಹಿಮದಲ್ಲಿ ಬೆಟ್ಟ ಹತ್ತುತ್ತಾನೆ, ಅದಕ್ಕೇ ಸಿಕ್ಕಿದ ಮೇಲೆ ಅಳುತ್ತಾನೆ. ಮೇಷ್ಟ್ರು ಕೈಕಟ್ಟಿಕೊಂಡು, ಮುಂದಿನ ಬೆಂಚಿನ ಹುಡುಗನಂತೆ ಕೇಳಿದರು.

“ಅಷ್ಟೇನಾ?” ಅಂದರು ಕೊನೆಗೆ. “ಅಷ್ಟು ಸುಲಭವಾಗಿತ್ತಾ ಅದು? ಇಷ್ಟು ವರ್ಷ ಯಾರೊಬ್ರೂ ನಂಗೆ ಇದನ್ನ ಹೇಳ್ಲೇ ಇಲ್ವಲ್ಲಮ್ಮ.”

“ಹೇಳಿದ್ಲು ಸಾರ್” ಅಂದೆ. “ಬರೆದೂ ಕೊಟ್ಟಿದ್ಳು. ನೀವು ಸೊನ್ನೆ ಹಾಕಿದ್ರಿ.”